ಮೊಬೈಲ್‌ನಲ್ಲೇ ಅಂಕಪಟ್ಟಿ: ಮಗು ಎಲ್ಲಿ ಎಡವಿತು ಎಂದು ನೋಡುವುದು ಹೇಗೆ?

ಕಳೆದ ವರ್ಷ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಗಣಿತದಲ್ಲಿ ಮೂರು ಪರೀಕ್ಷೆಗೂ ‘ಎ’ ಗ್ರೇಡ್. ರಿಜಿಸ್ಟರ್‌ನಲ್ಲಿ ಅವಳ ಸಾಲಿನ ಮೇಲೆ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಅಂಕಗಳನ್ನು ಕಂಪ್ಯೂಟರ್‌ಗೆ ಹಾಕಿದಾಗ ಗೊತ್ತಾಯಿತು: ಮೊದಲು ಶೇ 88, ಆಮೇಲೆ 79, ಆಮೇಲೆ 71. ನಮ್ಮ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಪದ್ಧತಿಯಲ್ಲಿ 70ರಿಂದ 89ರವರೆಗೆ ಎಲ್ಲವೂ ‘ಎ’. ಅಷ್ಟು ಜಾರಿದರೂ ಅಕ್ಷರ ಬದಲಾಗಿರಲಿಲ್ಲ. ಕರೆದು ಕೇಳಿದೆ. ಅಜ್ಜಿಗೆ ಹುಷಾರಿಲ್ಲ, ಸಂಜೆಯ ಅಡುಗೆ ಇವಳದ್ದೇ, ಪುಸ್ತಕ ಹಿಡಿಯುವಷ್ಟರಲ್ಲಿ ರಾತ್ರಿ ಹತ್ತು ಗಂಟೆ. ದಿನಾ ನನ್ನೆದುರು ಕೂರುತ್ತಿದ್ದ ಮಗು ಅದು.

ಅಂದಿನಿಂದ ನಾನು ತರಗತಿಗೊಂದು ಡಿಜಿಟಲ್ ಅಂಕಪಟ್ಟಿ ಇಟ್ಟುಕೊಂಡಿದ್ದೇನೆ. ‘ಸ್ಯಾಟ್ಸ್‌ಗೆ ಹೇಗೂ ಅಂಕ ತುಂಬಿಸ್ತೀವಲ್ಲ, ಮತ್ತೊಂದು ಯಾಕೆ?’ ಎಂದು ಜೊತೆಯ ಶಿಕ್ಷಕರು ಕೇಳುತ್ತಾರೆ. ಸ್ಯಾಟ್ಸ್‌ಗೆ, ಅಂದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣಕ್ಕೆ, ತುಂಬಿಸುವುದು ಇಲಾಖೆಗೆ. ಇದು ನಮಗೆ, ಮಗುವಿಗೆ, ಅದರ ಮನೆಯವರಿಗೆ. ದುಡ್ಡೂ ಬೇಕಿಲ್ಲ. ಗೂಗಲ್‌ನ ಲೆಕ್ಕಪಟ್ಟಿ ತಂತ್ರಾಂಶ, ಗೂಗಲ್ ಶೀಟ್ಸ್ ಸಾಕು.

ಪಟ್ಟಿ ಸಿದ್ಧ ಮಾಡುವುದು

ಮೊದಲ ಸಲ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಿ. ಆಮೇಲೆ ಅಂಕ ತುಂಬಲು ಮೊಬೈಲ್ ಆಗುತ್ತದೆ. ಎಡಗಡೆ ಹಾಜರಿ ಪುಸ್ತಕದ ಕ್ರಮಸಂಖ್ಯೆ, ಪಕ್ಕದಲ್ಲಿ ಹೆಸರು. ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಫೈಲಿನಿಂದ ಕಾಪಿ ಮಾಡಿದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಮೊದಲ ಸಾಲಿನಲ್ಲಿ ಪರೀಕ್ಷೆಯ ಹೆಸರು, ಎರಡನೇ ಸಾಲಿನಲ್ಲಿ ಅದರ ಗರಿಷ್ಠ ಅಂಕ. ಈ ಎರಡನೇ ಸಾಲನ್ನು ಮರೆಯಬೇಡಿ. ಕಿರುಪರೀಕ್ಷೆಯಲ್ಲಿ 20ಕ್ಕೆ 16, ದೊಡ್ಡ ಪರೀಕ್ಷೆಯಲ್ಲಿ 80ಕ್ಕೆ 52 ಬಂದಿದೆ ಅನ್ನಿ. 16ಕ್ಕಿಂತ 52 ದೊಡ್ಡದಾಗಿ ಕಾಣುತ್ತದೆ, ಆದರೆ ಮಗು ಶೇ 80ರಿಂದ ಶೇ 65ಕ್ಕೆ ಇಳಿದಿದೆ. ಅದಕ್ಕೇ ಪ್ರತಿ ಅಂಕವನ್ನೂ ಎರಡನೇ ಸಾಲಿನ ಅಂಕದಿಂದ ಭಾಗಿಸಿ ಶೇಕಡಾ ತೋರಿಸುವ ಸೂತ್ರ ಹಾಕಿ. ಸೂತ್ರದಲ್ಲಿ ಎರಡನೇ ಸಾಲನ್ನು ಸೂಚಿಸುವ 2ರ ಎಡಕ್ಕೆ ಡಾಲರ್ ಚಿಹ್ನೆ ಇರಲಿ (C$2 ಎಂಬಂತೆ). ಆಗ ಕೆಳಗಿನ ಸಾಲುಗಳಿಗೆ ಎಳೆದಾಗಲೂ ಅದು ಅದೇ ಸಾಲನ್ನು ಹಿಡಿದುಕೊಂಡಿರುತ್ತದೆ.

ಗೈರಾದವರಿಗೆ ಸೊನ್ನೆ ಹಾಕಬೇಡಿ, ‘ಗೈರು’ ಎಂದು ಬರೆಯಿರಿ. 50 ಅಂಕದ ಮೂರು ಪರೀಕ್ಷೆಗಳಲ್ಲಿ ಎರಡಕ್ಕೆ 40, 42 ತೆಗೆದ ಹುಡುಗ ಮೂರನೆಯದಕ್ಕೆ ಜ್ವರ ಬಂದು ಮಲಗಿದ್ದ ಅಂತಿಟ್ಟುಕೊಳ್ಳಿ. ಸೊನ್ನೆ ಹಾಕಿದರೆ ಅವನ ಸರಾಸರಿ 27ಕ್ಕೆ ಬೀಳುತ್ತದೆ. ‘ಗೈರು’ ಎಂದು ಬರೆದರೆ ಸರಾಸರಿ ತೆಗೆಯುವ ಸೂತ್ರ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, 41 ಎಂದೇ ತೋರಿಸುತ್ತದೆ. ಶೇಕಡಾ ಸೂತ್ರ ಮಾತ್ರ ಅಂಥ ಕಡೆ ದೋಷ ಸಂದೇಶ (#VALUE!) ತೋರಿಸುತ್ತದೆ. ಆ ಶೇಕಡಾ ಚೌಕವನ್ನು ಮಾತ್ರ ಖಾಲಿ ಬಿಡಿ.

ಅಂಕವನ್ನು ಒಡೆದು ಬರೆಯುವುದು

ಹೆಚ್ಚು ಶ್ರಮ ಹಾಕಬೇಕಾದ ಜಾಗ ಇದು. ‘ಗಣಿತ 20ಕ್ಕೆ 11’ ಎಂದರೆ ಮಗುವಿಗೂ ಏನೂ ತಿಳಿಯುವುದಿಲ್ಲ, ಅಪ್ಪ ಅಮ್ಮನಿಗೂ ತಿಳಿಯುವುದಿಲ್ಲ. ನಾನು ಒಂದೇ ಪರೀಕ್ಷೆಗೆ ನಾಲ್ಕು ಕಾಲಂ ಇಡುತ್ತೇನೆ: ನೇರ ಲೆಕ್ಕ, ವಾಕ್ಯ ಸಮಸ್ಯೆ, ನಕ್ಷೆ ಮತ್ತು ರಚನೆ, ಪ್ರಮೇಯ. ಸಮಯ ಜಾಸ್ತಿ ಹಿಡಿಯುತ್ತದೆ ಅನ್ನಿಸಬಹುದು. ಆದರೆ ಪೇಪರ್ ತಿದ್ದುವಾಗ ಪ್ರಶ್ನೆವಾರು ಅಂಕ ಹಾಕಿಯೇ ಇರುತ್ತೇವೆ ಅಲ್ವಾ? ಅದನ್ನು ಕೂಡಿಸಿ ಒಂದೇ ಸಂಖ್ಯೆ ಮಾಡುವ ಬದಲು ಬೇರೆ ಬೇರೆಯಾಗಿ ತುಂಬಬೇಕು, ಅಷ್ಟೇ.

ಹೀಗೆ ಒಡೆದಾಗ ನನ್ನ ತರಗತಿಯಲ್ಲಿ ಆರು ಮಕ್ಕಳು ಒಂದೇ ಥರ ಕಂಡರು. ನೇರ ಲೆಕ್ಕದಲ್ಲಿ ಪೂರ್ತಿ ಅಂಕ, ವಾಕ್ಯ ಸಮಸ್ಯೆಯಲ್ಲಿ ಸೊನ್ನೆ ಅಥವಾ ಒಂದು. ಕನ್ನಡ ಮೇಡಂ ಹತ್ತಿರ ಅವರ ಪಟ್ಟಿ ಕೇಳಿದೆ. ಗದ್ಯ ಓದಿ ಉತ್ತರಿಸುವ ಪ್ರಶ್ನೆಯಲ್ಲೂ ಅದೇ ಆರು ಮಕ್ಕಳು ಹಿಂದೆ. ಅವರಿಗೆ ಗಣಿತ ಬರುತ್ತಿತ್ತು. ಎರಡು ಸಾಲಿನ ವಾಕ್ಯ ಓದಿ, ಏನು ಕೇಳಿದ್ದಾರೆ ಎಂದು ಹಿಡಿಯುವುದು ಬರುತ್ತಿರಲಿಲ್ಲ. ನಾನು ಒಂದು ತಿಂಗಳು ಸುಮ್ನೆ ಅವರಿಗೆ ಸಮೀಕರಣ ಬಿಡಿಸುವುದನ್ನೇ ಮತ್ತೆ ಮತ್ತೆ ಹೇಳಿಕೊಟ್ಟಿದ್ದೆ. ಆಮೇಲೆ ಲೆಕ್ಕ ಮಾಡಿಸುವುದನ್ನು ಬಿಟ್ಟು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ‘ನಿನ್ನ ಮಾತಲ್ಲಿ ಹೇಳು’ ಅನ್ನತೊಡಗಿದೆ.

ಕೊನೆಗೊಂದು ಷರಾ ಕಾಲಂ ಇರಲಿ. ಒಂದೇ ಸಾಲು, ತಾರೀಖಿನ ಜೊತೆ. ‘ದಡ್ಡ’, ‘ಸೋಮಾರಿ’ ಎಂದು ಬರೆಯಬೇಡಿ. ಕಂಡದ್ದನ್ನು ಬರೆಯಿರಿ: ‘ಋಣ ಚಿಹ್ನೆ ಬಿಡುತ್ತಾನೆ’, ‘ಎರಡು ವಾರದಿಂದ ಹಿಂದಿನ ಬೆಂಚಿಗೆ ಹೋಗಿದ್ದಾಳೆ’.

ಬಣ್ಣದ ಸೂಚನೆಯನ್ನು, ಅಂಕ ನೋಡಿ ತಾನಾಗಿ ಬಣ್ಣ ಹಚ್ಚುವ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಹಾಕಬಹುದು. ಸಾಮಾನ್ಯವಾಗಿ ಶಿಕ್ಷಕರು, ಪಾಸಾಗುವ ಅಂಕಕ್ಕಿಂತ ಕಡಿಮೆ ಇದ್ದರೆ ಕೆಂಪು ಎಂದು ಹಾಕುತ್ತಾರೆ. ಅದರ ಜೊತೆಗೆ, ಹಿಂದಿನ ಪರೀಕ್ಷೆಗಿಂತ 8 ಶೇಕಡಾ ಅಂಶಕ್ಕೂ ಹೆಚ್ಚು ಇಳಿದಿದ್ದರೆ ಹಳದಿ ಎಂದೂ ಹಾಕಿ. ಹೀಗೆ ಮಾಡಿದ್ದರೆ ಮೇಲೆ ಹೇಳಿದ ಹುಡುಗಿ ಎರಡನೇ ಪರೀಕ್ಷೆಯಲ್ಲೇ ನನ್ನ ಕಣ್ಣಿಗೆ ಬೀಳುತ್ತಿದ್ದಳು.

ಪಾಲಕರ ಸಭೆಯಲ್ಲಿ

ಇಡೀ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ತರಗತಿಯ ವಾಟ್ಸ್ಆ್ಯಪ್ ಗುಂಪಿಗಂತೂ ಹಾಕಲೇಬೇಡಿ. ಒಂದು ಮಗುವಿನ ಅಂಕ ಇನ್ನೊಂದು ಮನೆಯ ಮಾತಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಶೀಟನ್ನು ಹಂಚುವಾಗ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆ ಬೇಡ. ಬೇಕಾದ ಶಿಕ್ಷಕರ ಇಮೇಲ್ ಮಾತ್ರ ಸೇರಿಸಿ. ಪಾಲಕರಿಗೆ ಆ ಮಗುವಿನ ಒಂದೇ ಸಾಲಿನ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದೂ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಕಾಗದವಾದರೆ ಮನೆಗೆ ಹೋಗುತ್ತದೆ.

ಮಗುವನ್ನೂ ಕೂರಿಸಿಕೊಳ್ಳಿ. ಮೊದಲ ಮಾತು ಅದರದ್ದೇ ಇರಲಿ. ‘ಇದರಲ್ಲಿ ನಿನಗೆ ಯಾವುದು ಚೆನ್ನಾಗಿ ಬಂತು? ಯಾವುದು ಕಷ್ಟ ಆಯ್ತು?’ ಎಂದು ಕೇಳಿ ಕಾಯಿರಿ. ಎಷ್ಟೋ ತಾಯಂದಿರು ಬಂದ ತಕ್ಷಣ ಕೇಳುವುದು ಒಂದೇ: ‘ಪಾಸಾಗ್ತಾನಾ ಸಾರ್?’ ಆಗ ನಾನು ಹಾಳೆ ಅವರ ಕಡೆ ತಿರುಗಿಸಿ ಹೇಳುತ್ತೇನೆ: ‘ನೋಡಿ ಅಮ್ಮಾ, ಲೆಕ್ಕ ಚೆನ್ನಾಗಿ ಮಾಡ್ತಾನೆ. ಪ್ರಶ್ನೆ ಓದೋದ್ರಲ್ಲಿ ತೊಡಕಿದೆ. ದಿನಾ ಹತ್ತು ನಿಮಿಷ ನಿಮಗೆ ಪೇಪರ್ ಓದಿ ಹೇಳಲಿ.’ ‘ನಂಗೆ ಓದೋಕೆ ಬರಲ್ಲ ಸಾರ್’ ಅಂದವರೂ ಇದ್ದಾರೆ. ಓದು ಬರದಿದ್ದರೂ ಕೇಳಿಸಿಕೊಳ್ಳಬಹುದು, ಅರ್ಥವಾಗದ ಕಡೆ ‘ಅಂದ್ರೆ ಏನೋ?’ ಎಂದು ಕೇಳಬಹುದು. ಇದು ಅವರಿಂದಲೇ ಆಗುವ ಕೆಲಸ.

ಅವರು ಏಳುವ ಮುಂಚೆ, ಏನು ಒಪ್ಪಿಕೊಂಡಿರೋ ಅದನ್ನು ಷರಾ ಕಾಲಂನಲ್ಲಿ ಅವರೆದುರೇ ಬರೆಯಿರಿ. ಮನೆಯವರದ್ದು ಒಂದು, ನಿಮ್ಮದು ಒಂದು: ‘ಅಮ್ಮ – ದಿನಾ ಹತ್ತು ನಿಮಿಷ ಓದು ಕೇಳುವುದು. ನಾನು – ವಾರಕ್ಕೆ ಮೂರು ವಾಕ್ಯ ಸಮಸ್ಯೆ ಓದಿಸುವುದು.’ ಮುಂದಿನ ಸಭೆಯಲ್ಲಿ ಅಂಕದ ಕಾಲಂಗೆ ಮೊದಲು ಅದನ್ನೇ ತೆರೆಯಿರಿ. ನಿಮ್ಮ ಪಾಲಿನದು ಆಗದಿದ್ದರೆ, ಅದನ್ನೂ ಅವರಿಗೆ ಹೇಳಿ.