ಲೂಸಿಫೆರೇಸ್ ಅಳತೆಯಲ್ಲಿ ಮಾರ್ಜಕದ ಪ್ರಭಾವವನ್ನು ಬೇರ್ಪಡಿಸುವ ಬಗೆ

ಜೀವಕೋಶಗಳನ್ನು ಒಡೆದು ಒಳಗಿನ ಎಟಿಪಿಯನ್ನು (ಕೋಶದ ಶಕ್ತಿವಾಹಕ ಅಣುವನ್ನು) ಮಿಂಚುಹುಳುವಿನ ಬೆಳಕಿನ ಕಿಣ್ವವಾದ ಲೂಸಿಫೆರೇಸ್‌ನಿಂದ ಅಳೆಯುವಾಗ, ಕೋಶಪೊರೆ ಕರಗಲೆಂದು ಹಾಕಿದ ಮಾರ್ಜಕ ಅಷ್ಟಕ್ಕೇ ಸುಮ್ಮನಾಗದೆ, ಅದೇ ವೆಲ್‌ನಲ್ಲಿ (ಪ್ಲೇಟಿನ ಪುಟ್ಟ ಗುಳಿಯಲ್ಲಿ) ಉಳಿದು ಬೆಳಕು ಹೊಮ್ಮಿಸುವ ಕಿಣ್ವವನ್ನೂ ತಟ್ಟುತ್ತದೆ. ಬೆಳಕು ಕುಗ್ಗಿದ್ದು ಎಟಿಪಿ ಕಡಿಮೆಯಿದ್ದುದರಿಂದಲೋ, ಕಿಣ್ವ ಸೊರಗಿದ್ದರಿಂದಲೋ ಎಂಬುದು ಅಂಕಿಯನ್ನು ನೋಡಿದರೆ ತಿಳಿಯುವುದಿಲ್ಲ.

ಋಣ ಅಯಾನಿನ ಮಾರ್ಜಕವಾದ ಎಸ್‌ಡಿಎಸ್ ಪ್ರೋಟೀನಿನ ಮಡಿಕೆಯನ್ನೇ ಬಿಚ್ಚಿ ಕಿಣ್ವವನ್ನು ಕೆಡಿಸುತ್ತದೆ. ಅಯಾನುರಹಿತ ಮಾರ್ಜಕವಾದ ಟ್ರೈಟಾನ್ ಎಕ್ಸ್-100 ಮಾತ್ರ ಅಲ್ಪ ಪ್ರಮಾಣದಲ್ಲಿ ಬೆಳಕನ್ನು ಹೆಚ್ಚಿಸಬಲ್ಲದು, ಏಕೆಂದರೆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ತಡೆಯುವ ಉತ್ಪನ್ನಗಳು ಕಳಚಿಕೊಳ್ಳಲು ಅದು ನೆರವಾಗುತ್ತದೆ. ಹಾಗಾಗಿ ಹೆಚ್ಚಿದ ಬೆಳಕನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ.

ಮೊದಲು ಮಾದರಿಯಿಲ್ಲದೆ ಪರೀಕ್ಷಿಸಿರಿ. ಗೊತ್ತಿರುವ ಒಂದೇ ಪ್ರಮಾಣದ ಎಟಿಪಿಗೆ ಟ್ರೈಟಾನನ್ನು ಶೇಕಡಾ 0, 0.01, 0.03, 0.1 ಮತ್ತು 0.3ರಂತೆ ಬೆರೆಸಿ, ಪ್ರತಿ ಹಂತಕ್ಕೂ ಎಟಿಪಿಯಿಲ್ಲದ ಖಾಲಿ ವೆಲ್ ಒಂದನ್ನು ಇಡಿರಿ. ಟ್ರೈಟಾನ್ ಮೈಸೆಲ್ ಎಂಬ ಪುಟ್ಟ ಅಣುಗುಚ್ಛಗಳಾಗಿ ಗುಂಪುಗೂಡುವ ಮಿತಿ ಸುಮಾರು ಶೇಕಡಾ 0.015 ಆಗಿರುವುದರಿಂದ ಈ ಸರಣಿ ಅದರ ಎರಡೂ ಬದಿಯನ್ನು ಮುಟ್ಟುತ್ತದೆ. ಕಿಣ್ವ ಸೇರಿಸಿದ ಕೂಡಲೇ ಒಮ್ಮೆ, ಹತ್ತು ನಿಮಿಷದ ನಂತರ ಇನ್ನೊಮ್ಮೆ ಓದಿರಿ. ಮೊದಲ ಓದು ಎಲ್ಲೆಡೆ ಸರಿಸಮವಾಗಿದ್ದು ಎರಡನೆಯದು ಮಾರ್ಜಕ ಹೆಚ್ಚಿದಂತೆ ತಗ್ಗಿದ್ದರೆ ಕಿಣ್ವ ನಿಧಾನವಾಗಿ ಸಾಯುತ್ತಿದೆ. ಅಂಥ ಸ್ಥಿತಿಯಲ್ಲಿ ಪ್ಲೇಟಿನ ಕೊನೆಯ ಸಾಲುಗಳು ತಡವಾಗಿ ಓದಲ್ಪಟ್ಟ ಕಾರಣಕ್ಕೇ ಮಂಕಾಗಿ ಕಾಣಬಹುದು. ಈ ತಪ್ಪನ್ನು ಬಹಳ ಜನ ಮಾದರಿಯ ಗುಣವೆಂದು ಬಗೆಯುತ್ತಾರೆ.

ಬಳಿಕ ನಿಜವಾದ ಮಾದರಿಗೆ ತಿಳಿದ ಪ್ರಮಾಣದ ಎಟಿಪಿಯನ್ನು ಸೇರಿಸಿ, ಬೆಳಕು ಎಷ್ಟು ಏರಿತೆಂದು ನೋಡಿರಿ. ಅಷ್ಟೇ ಎಟಿಪಿ ಮಾದರಿಯಿಲ್ಲದ ಬಫರಿನಲ್ಲಿ (ಆಮ್ಲತೆಯನ್ನು ಸ್ಥಿರವಾಗಿಡುವ ದ್ರಾವಣದಲ್ಲಿ) ಕೊಟ್ಟ ಏರಿಕೆಯ ಅರ್ಧದಷ್ಟೇ ಇಲ್ಲಿ ಬಂದರೆ, ಅಳತೆಯೂ ಅರ್ಧದಷ್ಟೇ ತೋರುತ್ತಿದೆ ಎಂದರ್ಥ. ಮಾನಕ ರೇಖೆಯನ್ನು (ಗೊತ್ತಿರುವ ಎಟಿಪಿ ಪ್ರಮಾಣಗಳು ಕೊಡುವ ಬೆಳಕಿನ ನಕ್ಷೆಯನ್ನು) ಮಾದರಿಯಲ್ಲಿರುವ ಅದೇ ಮಾರ್ಜಕ, ಅದೇ ಪ್ರಮಾಣದಲ್ಲಿಯೇ ತಯಾರಿಸಬೇಕು.

ಟ್ರೈಟಾನ್ ಜೇನಿನಂತೆ ಗಟ್ಟಿಯಾಗಿದ್ದು ಪಿಪೆಟ್ ತುದಿಯ ಒಳಗೋಡೆಗೆ ಅಂಟುವುದರಿಂದ ಅದನ್ನು ತೂಗಿ ಶೇಕಡಾ 10ರ ದ್ರಾವಣ ಮಾಡಿಕೊಳ್ಳುವುದು ಲೇಸು. ಬೆಳಕಿಗೂ ಗಾಳಿಗೂ ತೆರೆದಿಟ್ಟ ಹಳೆಯ ಬಾಟಲಿಯಲ್ಲಿ ಪೆರಾಕ್ಸೈಡುಗಳು ಹುಟ್ಟುತ್ತವೆ. ಬೆಳಕು ಹೊಮ್ಮಿಸುವ ಲ್ಯೂಮಿನಾಲ್ ಎಂಬ ರಾಸಾಯನಿಕ ಬಳಸಿ ಹೈಡ್ರೋಜನ್ ಪೆರಾಕ್ಸೈಡ್ ಅಳೆಯುವವರಿಗೆ ಅವು ಸುಳ್ಳು ಬೆಳಕಾಗಿ ಕಾಡುತ್ತವೆ. ಎಸ್‌ಡಿಎಸ್ ಇರುವ ಮಾದರಿಗೆ ಪೊಟ್ಯಾಸಿಯಂ ಬಫರನ್ನು ಬೆರೆಸಬಾರದು, ಏಕೆಂದರೆ ಬಿಳಿ ಚರಟ ತಳಕ್ಕಿಳಿಯುತ್ತದೆ.

ಧನ ಅಯಾನಿನ ಮಾರ್ಜಕದಿಂದಲೇ ಕೋಶಗಳನ್ನು ಒಡೆಯಬೇಕಾಗಿ ಬಂದರೆ, ಕಿಣ್ವ ಸೇರಿಸುವ ಮೊದಲು ಸೈಕ್ಲೋಡೆಕ್ಸ್ಟ್ರಿನ್ (ಉಂಗುರಾಕಾರದ ಸಕ್ಕರೆ ಅಣು) ಹಾಕಿ ಆ ಮಾರ್ಜಕವನ್ನು ಹಿಡಿದಿಡಬಹುದು. ಆಗ ಖಾಲಿ ವೆಲ್‌ಗಳಿಗೂ ಮಾನಕಗಳಿಗೂ ಅಷ್ಟೇ ಸೈಕ್ಲೋಡೆಕ್ಸ್ಟ್ರಿನ್ ಸೇರಿರಬೇಕು.