ಸೇವ್ ಒತ್ತಿದ ಮೇಲೂ ಹಳೆಯ ಪ್ರತಿ ಉಳಿಯಬೇಕೆ?

ಎಂಟು ಪುಟದ ದಾಖಲೆ. ಎಲ್ಲವನ್ನೂ ಆರಿಸುವ ಕಂಟ್ರೋಲ್-ಎ ಒತ್ತಿದ ಮೇಲೆ ಕೈತಪ್ಪಿ ಒಂದು ಅಕ್ಷರ ಟೈಪಾಯಿತು, ಎಂಟೂ ಪುಟ ಮಾಯ. ಗಮನಿಸದೆ ಸೇವ್ ಮಾಡಿ ವರ್ಡ್ ಮುಚ್ಚಿದ್ದೂ ಆಯಿತು. ಮತ್ತೆ ತೆರೆದಾಗ ಕಂಟ್ರೋಲ್-ಝಡ್‌ನಿಂದ ಏನೂ ಬರುವುದಿಲ್ಲ. ಫೈಲ್ ಮುಚ್ಚಿದೊಡನೆ ಅನ್‌ಡೂ ಪಟ್ಟಿಯೂ ಹೋಗಿರುತ್ತದೆ.

‘ಆಟೋರಿಕವರ್ ಇದೆಯಲ್ಲ’ ಎಂದು ಹಲವರು ಧೈರ್ಯವಾಗಿರುತ್ತಾರೆ. ಅದು ಇರುವುದು ಬೇರೆ ಅಪಾಯಕ್ಕೆ: ಕರೆಂಟ್ ಹೋದಾಗ, ವರ್ಡ್ ಹ್ಯಾಂಗ್ ಆದಾಗ. ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಅದು ತಾತ್ಕಾಲಿಕ ಫೈಲ್ ಬರೆದಿಡುತ್ತದೆ. ನೀವು ಸೇವ್ ಮಾಡಿ ಸರಿಯಾಗಿ ಮುಚ್ಚಿದರೆ ಕೆಲಸ ಮುಗಿಯಿತೆಂದು ಅದನ್ನು ಅಳಿಸಿಬಿಡುತ್ತದೆ. ತಪ್ಪನ್ನೇ ಸೇವ್ ಮಾಡಿದಾಗ ಕೈಹಿಡಿಯುವುದು ಬ್ಯಾಕಪ್ ಪ್ರತಿ, ಅಂದರೆ ಹಿಂದಿನ ಸಲ ಸೇವ್ ಮಾಡಿದ ರೂಪ. ಅದನ್ನು ನೀವೇ ಆನ್ ಮಾಡಬೇಕು.

ಆನ್ ಮಾಡುವುದು ಹೀಗೆ

ವಿಂಡೋಸ್‌ನ ವರ್ಡ್‌ನಲ್ಲಿ ‘ಫೈಲ್’, ಅದರಲ್ಲಿ ‘ಆಪ್ಷನ್ಸ್’, ಅಲ್ಲಿ ‘ಅಡ್ವಾನ್ಸ್ಡ್’ ಒತ್ತಿ. ಪಟ್ಟಿ ಉದ್ದವಿದೆ, ‘ಸೇವ್’ ಎಂಬ ಭಾಗ ಬರುವವರೆಗೆ ಕೆಳಗಿಳಿಯಿರಿ. ‘ಆಲ್ವೇಸ್ ಕ್ರಿಯೇಟ್ ಬ್ಯಾಕಪ್ ಕಾಪಿ’ ಎಂಬಲ್ಲಿ ಟಿಕ್ ಹಾಕಿ ಓಕೆ ಒತ್ತಿ. ‘ಆಪ್ಷನ್ಸ್’ನ ಎಡಬದಿಯಲ್ಲೂ ‘ಸೇವ್’ ಎಂಬ ಪುಟವೊಂದಿದೆ. ಅದು ಆಟೋರಿಕವರ್‌ನದು, ಅಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ.

ಕೆಲಸ ಮಾಡುತ್ತಿದೆಯೇ ಎಂದು ಈಗಲೇ ಪರೀಕ್ಷಿಸಿ. ಹೊಸ ಫೈಲ್‌ನಲ್ಲಿ ‘ಒಂದು’ ಎಂದು ಬರೆದು ಸೇವ್ ಮಾಡಿ. ಇನ್ನೂ ಬ್ಯಾಕಪ್ ಇರುವುದಿಲ್ಲ, ಏಕೆಂದರೆ ಉಳಿಸಿಕೊಳ್ಳಲು ಹಳೆಯದೇ ಇಲ್ಲ. ‘ಎರಡು’ ಎಂದು ಸೇರಿಸಿ ಮತ್ತೆ ಸೇವ್ ಮಾಡಿ. ಅದೇ ಫೋಲ್ಡರ್‌ನಲ್ಲಿ ‘ಬ್ಯಾಕಪ್ ಆಫ್’ ಎಂದು ಶುರುವಾಗುವ, ಹೆಸರಿನ ಕೊನೆಯಲ್ಲಿ ಡಬ್ಲ್ಯುಬಿಕೆ (.wbk) ಎಂಬ ಎಕ್ಸ್‌ಟೆನ್ಷನ್ ಇರುವ ಫೈಲ್ ಕಾಣುತ್ತದೆ. ಒಳಗೆ ‘ಒಂದು’ ಮಾತ್ರ ಇರುತ್ತದೆ. ವರ್ಡ್ ಹೊಸದನ್ನು ಬರೆದ ಮೇಲೆ ಹಳೆಯ ಫೈಲನ್ನು ಅಳಿಸುವ ಬದಲು ಹೆಸರು ಬದಲಿಸಿ ಉಳಿಸಿಕೊಳ್ಳುತ್ತದೆ, ಅಷ್ಟೇ.

ಪ್ರತಿ ಒಂದೇ, ಹಿಂದಿರುವುದೂ ಒಂದೇ ಹೆಜ್ಜೆ

ಎಡವುವುದು ಇಲ್ಲಿಯೇ. ಕೆಟ್ಟ ಫೈಲನ್ನು ಒಮ್ಮೆ ಸೇವ್ ಮಾಡಿದರೆ ಬ್ಯಾಕಪ್‌ನಲ್ಲಿ ಒಳ್ಳೆಯದು ಉಳಿದಿರುತ್ತದೆ. ಗಾಬರಿಯಲ್ಲಿ ಏನೋ ತಿದ್ದಿ ಇನ್ನೊಮ್ಮೆ ಸೇವ್ ಮಾಡಿದಿರೋ, ಕೆಟ್ಟದ್ದೇ ಬ್ಯಾಕಪ್ ಆಗಿ ಕೂರುತ್ತದೆ. ಎರಡು ಮಾತಿಗೊಮ್ಮೆ ಕಂಟ್ರೋಲ್-ಎಸ್ ಒತ್ತುವ ಅಭ್ಯಾಸದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ತಪ್ಪು ಕಂಡೊಡನೆ ಸೇವ್ ಮುಟ್ಟಬೇಡಿ. ಫೈಲ್ ಇನ್ನೂ ತೆರೆದಿದ್ದರೆ ಮೊದಲು ಕಂಟ್ರೋಲ್-ಝಡ್ ನೋಡಿ. ಆಗದಿದ್ದರೆ ಸೇವ್ ಮಾಡದೆ ಮುಚ್ಚಿ, ಬ್ಯಾಕಪ್ ಫೈಲನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ. ಆ ಕಾಪಿಯನ್ನು ವರ್ಡ್‌ನಲ್ಲಿ ತೆರೆಯಿರಿ. ‘ಓಪನ್’ ಕಿಟಕಿಯಲ್ಲಿ ಕಾಣದಿದ್ದರೆ ಫೈಲ್ ಬಗೆಯನ್ನು ‘ಆಲ್ ಫೈಲ್ಸ್’ ಎಂದು ಬದಲಿಸಿ. ತೆರೆದ ಮೇಲೆ ಎಫ್12 ಒತ್ತಿ, ಬಗೆ ‘ವರ್ಡ್ ಡಾಕ್ಯುಮೆಂಟ್’ ಎಂದು ಆರಿಸಿ, ಹೊಸ ಹೆಸರಿನಲ್ಲಿ ಉಳಿಸಿ.

ತೆರೆದಾಗ ಕನ್ನಡದ ಬದಲು ಅರ್ಥವಾಗದ ರೋಮನ್ ಅಕ್ಷರಗಳು ಕಂಡರೆ ಬ್ಯಾಕಪ್ ಕೆಟ್ಟಿದೆ ಎಂದು ಅಳಿಸಬೇಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಾಣುವುದೇ ಹಾಗೆ. ಫಾಂಟ್ ಹಾಕಿಕೊಂಡರೆ ಪಠ್ಯ ಸರಿಯಾಗುತ್ತದೆ.

ಫೈಲ್ ಒನ್‌ಡ್ರೈವ್‌ನಲ್ಲಿದ್ದು ಆಟೋಸೇವ್ ಆನ್ ಆಗಿದ್ದರೆ ದಾರಿ ಬೇರೆ: ‘ಫೈಲ್’, ‘ಇನ್ಫೋ’, ‘ವರ್ಷನ್ ಹಿಸ್ಟರಿ’. ಅಲ್ಲಿ ಹಳೆಯ ರೂಪಗಳು ಸಮಯದ ಸಮೇತ ಸಿಗುತ್ತವೆ.

ಲಿಬ್ರೆಆಫೀಸ್ ಬಳಸುವವರಿಗೆ

‘ಟೂಲ್ಸ್’, ‘ಆಪ್ಷನ್ಸ್’, ‘ಲೋಡ್/ಸೇವ್’, ‘ಜನರಲ್’ ಎಂಬಲ್ಲಿ ಇದೇ ಸೌಲಭ್ಯವಿದೆ. 24.2ನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್. ಪ್ರತಿಯ ಎಕ್ಸ್‌ಟೆನ್ಷನ್ ಬಿಎಕೆ; ಅದು ಹೋಗುವ ಫೋಲ್ಡರ್ ಯಾವುದೆಂದು ‘ಪಾತ್ಸ್’ ಪುಟದ ‘ಬ್ಯಾಕಪ್ಸ್’ ಸಾಲು ಹೇಳುತ್ತದೆ. ಎಲ್ಲ ಪ್ರತಿಗಳೂ ಆ ಒಂದೇ ಫೋಲ್ಡರ್‌ಗೆ ಹೋಗುವಂತಿದ್ದರೆ ಎಚ್ಚರ ಬೇಕು. ಎರಡು ಕಡೆ ‘ಪತ್ರ’ ಎಂಬ ಒಂದೇ ಹೆಸರಿನ ಫೈಲ್‌ಗಳಿದ್ದರೆ ಒಂದರ ಬ್ಯಾಕಪ್ ಇನ್ನೊಂದನ್ನು ನುಂಗಬಹುದು. ಹೆಸರಿಗೆ ಊರನ್ನೋ ತಿಂಗಳನ್ನೋ ಸೇರಿಸಿ. ಮರಳಿ ಪಡೆಯಲು ಬ್ಯಾಕಪ್ ಅನ್ನು ಕಾಪಿ ಮಾಡಿ, ಎಕ್ಸ್‌ಟೆನ್ಷನ್ ಅನ್ನು ಮೂಲ ಫೈಲ್‌ನದಕ್ಕೆ (ಉದಾಹರಣೆಗೆ ಒಡಿಟಿ) ಬದಲಿಸಿ ತೆರೆಯಿರಿ.

ಇನ್ನು ವರ್ಡ್‌ನ ಪ್ರತಿ ಮೂಲ ಫೈಲ್ ಪಕ್ಕದಲ್ಲೇ ಇರುವುದರಿಂದ ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಮುಖ್ಯ ಕಡತಗಳನ್ನು ವಾರಕ್ಕೊಮ್ಮೆಯಾದರೂ, ಹೆಸರಿನಲ್ಲಿ ತಾರೀಖು ಹಾಕಿ, ಬೇರೆ ಡಿಸ್ಕ್‌ಗೆ ಇಳಿಸಿಕೊಳ್ಳಿ.

ಮೂಲ ಫೈಲ್ ಅಳಿಸಿದರೂ ಹೆಸರು ಬದಲಿಸಿದರೂ ಬ್ಯಾಕಪ್ ಅಲ್ಲೇ ಉಳಿಯುತ್ತದೆ. ಟೈಪಿಂಗ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಕರಾರುಪತ್ರ ಮಾಡಿಸಿ ಫೈಲ್ ಅಳಿಸಿಸಿದರೆ ಸಾಲದು. ‘ಬ್ಯಾಕಪ್ ಆಫ್’ ಎಂದು ಹುಡುಕಿ ಆ ಪ್ರತಿಯನ್ನೂ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿಯೇ ಹೊರಡಿ.