‘ಡಿಂಗ್’ ಪದದ ಜಾಡಿನಲ್ಲಿ

ಜರ್ಮನ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ, ಪೊಲೀಸರು ಕಳ್ಳನನ್ನು ಬಂಧಿಸುವ ಸಂದರ್ಭದಲ್ಲಿ ‘ಡಿಂಗ್‌ಫೆಸ್ಟ್’ ಎಂಬ ಪದ ಎದುರಾಯಿತು. ಡಿಂಗ್ ಎಂದರೆ ವಸ್ತು, ಫೆಸ್ಟ್ ಎಂದರೆ ಭದ್ರ. ಇವೆರಡೂ ಕೂಡಿ ಬಂಧನದ ಅರ್ಥ ಹೇಗೆ ಬಂದೀತು? ಅನುವಾದಕ್ಕೆ ‘ಸೆರೆಹಿಡಿದರು’ ಎಂದರೆ ಸಾಕಾಗಿತ್ತಾದರೂ ಪದದ ಮೂಲವನ್ನು ಹುಡುಕದೆ ಮುಂದುವರಿಯಲು ಮನಸ್ಸಾಗಲಿಲ್ಲ.

ಆರಂಭದಲ್ಲೇ ಎಡವಿದೆ. ‘ಯೋಚಿಸು’ ಎಂಬರ್ಥದ ‘ಡೆಂಕೆನ್’ ಧಾತುವಿಗೂ ಡಿಂಗ್‌ಗೂ ನಂಟಿದೆಯೆಂದು ಭಾವಿಸಿ, ಯೋಚನೆಗೆ ವಿಷಯವಾದದ್ದೇ ವಸ್ತುವೆಂಬ ಸೊಗಸಾದ ಸಿದ್ಧಾಂತವನ್ನೂ ಕಟ್ಟಿಕೊಂಡೆ. ಒಂದರ ಕೊನೆಗೆ ‘ಕ’, ಇನ್ನೊಂದರ ಕೊನೆಗೆ ‘ಗ’ ಇರುವುದನ್ನು ಕಡೆಗಣಿಸಿದ್ದೆ; ಅವುಗಳ ಮೂಲಗಳೇ ಬೇರೆ.

ಆಮೇಲೆ ಧ್ವನಿಗಳ ನಿಯಮವನ್ನೇ ಹಿಡಿದು ಹೊರಟೆ. ಇಂಗ್ಲಿಷಿನ ‘ಥ್ರೀ’, ‘ಥಾರ್ನ್’ ಪದಗಳು ಜರ್ಮನ್‌ನಲ್ಲಿ ‘ಡ್ರೈ’, ‘ಡೋರ್ನ್’ ಆಗುವಂತೆಯೇ ಇಂಗ್ಲಿಷಿನ ‘ಥಿಂಗ್’ ಜರ್ಮನ್‌ನಲ್ಲಿ ‘ಡಿಂಗ್’ ಆಗುತ್ತದೆ. ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ಅದು ‘ಟಿಂಗ್’. ಅಲ್ಲಿಗೆ ತಲುಪಿದಾಗ ಬಾಗಿಲು ತೆರೆಯಿತು. ನಾರ್ವೆಯ ಸಂಸತ್ತು ‘ಸ್ಟೋರ್ಟಿಂಗ್’, ಡೆನ್ಮಾರ್ಕಿನದು ‘ಫೋಲ್ಕೆಟಿಂಗ್’, ಐಸ್ಲೆಂಡಿನಲ್ಲಿ ಸುಮಾರು 930ರಲ್ಲಿ ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಆರಂಭವಾದದ್ದು ‘ಆಲ್ಥಿಂಗಿ’. ವಸ್ತುವೆಂದು ನಾನು ಬಗೆದಿದ್ದ ಪದದ ಹಳೆಯ ಅರ್ಥ ಜನರ ಕೂಟ, ಅದರಲ್ಲೂ ನ್ಯಾಯ ತೀರ್ಮಾನಿಸುವ ಕೂಟ! ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಬಳಿ, ರೋಮನ್ ಸೇನೆಯಲ್ಲಿದ್ದ ಜರ್ಮಾನಿಕ್ ಯೋಧರು ‘ಮಾರ್ಸ್ ಥಿಂಗ್ಸಸ್’ ದೇವರಿಗೆ ನಿಲ್ಲಿಸಿದ ಬಲಿಪೀಠವೂ ಸಿಕ್ಕಿದೆ; ಮಂಗಳವಾರದ ಜರ್ಮನ್ ಹೆಸರು ‘ಡೀನ್ಸ್‌ಟಾಗ್’ ಈ ದೇವರಿಂದಲೇ ಬಂದದ್ದೆಂಬುದು ಬಹುಮಾನ್ಯ ಅಭಿಪ್ರಾಯ.

ಕೂಟವು ವಸ್ತುವಾದ ಬಗೆಯನ್ನು ಅರಿಯಲು ನಡುವಿನ ಮೆಟ್ಟಿಲು ಬೇಕಾಗಿತ್ತು. ಅದನ್ನು ಕೊಟ್ಟದ್ದು ಡಚ್ ಭಾಷೆ. ಅಲ್ಲಿ ‘ಖೆಡಿಂಗ್’ ಎಂದರೆ ಇಂದಿಗೂ ನ್ಯಾಯಾಲಯದ ವ್ಯಾಜ್ಯ. ಕೂಟದ ಹೆಸರು ಅಲ್ಲಿ ಚರ್ಚೆಯಾಗುವ ವ್ಯಾಜ್ಯಕ್ಕೆ, ವ್ಯಾಜ್ಯದಿಂದ ಯಾವುದೇ ವಿಷಯಕ್ಕೆ, ಕೊನೆಗೆ ಕೈಗೆ ಸಿಗುವ ಯಾವುದೇ ಪದಾರ್ಥಕ್ಕೆ ಸಂದಿತು. ಲ್ಯಾಟಿನ್‌ನಲ್ಲಿ ವ್ಯಾಜ್ಯವೆಂಬ ಅರ್ಥವೂ ಇದ್ದ ‘ಕೌಸಾ’, ಇಟಾಲಿಯನ್‌ನಲ್ಲಿ ವಸ್ತುವೆಂಬ ಅರ್ಥದ ‘ಕೋಸಾ’ ಆದದ್ದೂ ಇದೇ ದಾರಿಯಲ್ಲಿ.

ನಮ್ಮ ‘ಸಂಗತಿ’ಯೂ ಆಗ ನೆನಪಾಯಿತು. ಸಂಸ್ಕೃತದಲ್ಲಿ ಒಂದುಗೂಡುವಿಕೆಯನ್ನು ಹೇಳುವ ಈ ಪದ ಕನ್ನಡದಲ್ಲಿ ‘ವಿಷಯ’ ಎಂಬರ್ಥಕ್ಕೆ ಸಲ್ಲುತ್ತದೆ. ಆದರೆ ಅದು ನ್ಯಾಯಕಟ್ಟೆಯನ್ನು ಹತ್ತಿ ಇಳಿದು ಬಂದದ್ದಲ್ಲವಾದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು.

ಡಿಂಗ್‌ಫೆಸ್ಟ್ ಮಾಡುವುದೆಂದರೆ ಆರೋಪಿಯನ್ನು ತಪ್ಪಿಸಿಕೊಳ್ಳದಂತೆ ಹಿಡಿದು ನ್ಯಾಯಕೂಟಕ್ಕೆ ಒಪ್ಪಿಸುವುದು. ಇಷ್ಟೆಲ್ಲ ತಿಳಿದ ಮೇಲೂ ಕಥೆಯಲ್ಲಿ ‘ಸೆರೆಹಿಡಿದರು’ ಎಂದೇ ಬರೆದೆ. ಇಂದಿನ ಜರ್ಮನ್ ಓದುಗನ ಕಿವಿಗೂ ಆ ಪದದಲ್ಲಿ ಹಳೆಯ ನ್ಯಾಯಕೂಟ ಕೇಳಿಸುವುದಿಲ್ಲ.